ಸೀಟಿ ಎಣಿಸುವ ಯಂತ್ರ

ಮರಾಠಿ ಸೀಮೆಯ ವಾಕಡದಲ್ಲಿರುವ ನಮ್ಮ ಮನೆಯ ಅಡುಗೆಮನೆಯಲ್ಲಿ, ಒಲೆಯ ಮೇಲಿನ ಚಿಮಣಿಯ ಪಕ್ಕದ ಗೋಡೆಗೆ ನಾಲ್ಕು ತೂತುಗಳಿವೆ. ಬಿಳಿ ಸಿಮೆಂಟು ಮೆತ್ತಿ ಮುಚ್ಚಿದ್ದೇನೆ, ಆದರೂ ಕಾಣುತ್ತವೆ. ಅಲ್ಲೊಂದು ಯಂತ್ರ ಇತ್ತು. ನಾನೇ ಮಾಡಿದ್ದು. ಕುಕ್ಕರಿನ ಸೀಟಿ ಎಣಿಸುವುದು ಅದರ ಕೆಲಸ. ನಾನು ಮನೆಗೆ ಮಾಡಿ ಹಾಕಿದ ಯಂತ್ರಗಳ ಪೈಕಿ ಹೇಳಿದ ಕೆಲಸವನ್ನು ಸರಿಯಾಗಿ ಮಾಡಿದ್ದು ಅದೊಂದೇ. ಅದೊಂದನ್ನು ನಾನು ಮಾಡಬಾರದಿತ್ತು.

ನನ್ನದು ಹಿಂಜವಡಿಯಲ್ಲಿ ನೌಕರಿ, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ಊರು ವಿಜಯಪುರ. ಹೆಂಡತಿ ಹಾಸನದ ಕಡೆಯವಳು, ಶಿವಾಜಿನಗರದ ಬ್ಯಾಂಕೊಂದರಲ್ಲಿ ಕೆಲಸ. ನನಗೆ ಕೈ ಸುಮ್ಮನಿರುವುದಿಲ್ಲ. ಈ ಮನೆಗೆ ಬಂದ ವರ್ಷವೇ ಗೀಸರ್ ತಾನಾಗಿ ಹತ್ತಿಕೊಳ್ಳುವ ಹಾಗೆ ಮಾಡಿದೆ, ಕಿಟಕಿಯ ಪರದೆ ತಾನಾಗಿ ಸರಿಯುವ ಹಾಗೆ ಮಾಡಿದೆ, ಬಾಲ್ಕನಿಯ ತುಳಸಿಗೆ ತಾನಾಗಿ ನೀರು ಬೀಳುವ ಹಾಗೆ ಮಾಡಿದೆ. ತುಳಸಿ ಕೊಳೆತುಹೋಯಿತು. ಪರದೆ ಅರ್ಧಕ್ಕೆ ನಿಂತು ಕರ್ ಕರ್ ಅನ್ನತೊಡಗಿತು. ಹೆಂಡತಿ ಇದನ್ನೆಲ್ಲ ಸಹಿಸಿಕೊಂಡಳು, ಒಂದೇ ಕರಾರಿನ ಮೇಲೆ: "ಗ್ಯಾಸ್ ಮಾತ್ರ ಮುಟ್ಬೇಡ." ಬುಧವಾರ ಪೇಟೆಯಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗ ಮಾರುವ ಗಲ್ಲಿಯೊಂದಿದೆ. ಅಲ್ಲಿಯ ಅಂಗಡಿಯವರು ನನ್ನನ್ನು ದೂರದಿಂದ ನೋಡಿಯೇ ಚಹಾಕ್ಕೆ ಹೇಳುತ್ತಿದ್ದರು. ಅಂಥ ಗಿರಾಕಿ ನಾನು.

ಅವ್ವ ಹೋದ ಮೇಲೆ ಅಪ್ಪ ನಮ್ಮ ಹತ್ತಿರ ಬಂದರು. ವಿಜಯಪುರದ ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು. ಯಾರು ಎಷ್ಟು ಗಂಟೆಗೆ ಬಂದರು, ಎಷ್ಟು ಗಂಟೆಗೆ ಹೋದರು ಎಂದು ಎಲ್ಲವನ್ನೂ ಬರೆದಿಡುವ ಚಟ ಇನ್ನೂ ಬಿಟ್ಟಿರಲಿಲ್ಲ. ಗಡಿ ಕಡೆಯವರಾದ್ದರಿಂದ ಮರಾಠಿ ಓದಲು ಬರುತ್ತಿತ್ತು. ಬೆಳಿಗ್ಗೆ ಹಾಲ್‌ನ ಮೂಲೆಯ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತರೆ ಜಾಹೀರಾತು, ಶ್ರದ್ಧಾಂಜಲಿ ಏನನ್ನೂ ಬಿಡದೆ ಓದುತ್ತಿದ್ದರು. ಅವರು ಬಂದ ವಾರವೇ ನನ್ನ ಹೆಂಡತಿ ಅವರಿಗೊಂದು ಕೆಲಸ ಹಚ್ಚಿದಳು. ಕುಕ್ಕರ್ ಇಟ್ಟು ಒಳಗಿನಿಂದ ಕೂಗಿದಳು, "ಮಾವ, ವಿಷಲ್ ಎಣಿಸ್ತೀರಾ?"

ಅವಳಿಗೆ ವಿಷಲ್, ಅಪ್ಪನಿಗೆ ಸೀಟಿ. ಅನ್ನಕ್ಕೆ ಮೂರು, ಬೇಳೆಗೆ ನಾಲ್ಕು, ಕಾಳಿಗೆ ಆರು. ಅಪ್ಪ ಪೇಪರಿನ ಅಂಚಿನಲ್ಲಿ ಸೀಟಿಗೊಂದು ಗೀಟು ಎಳೆದು, ಅವಳು ಕೇಳಿದಾಗ ನೋಡಿ ಹೇಳುವರು: "ಮೂರು ಆದ್ವು ನೋಡವಾ." ದಿನಕ್ಕೆರಡು ಸಲ ಇದು ನಡೆಯುತ್ತಿತ್ತು. ನಾನು ಇದಕ್ಕೆ ಕಿವಿಗೊಟ್ಟವನೇ ಅಲ್ಲ.

ಜಗಳ ಆಗಿದ್ದು ಊಟದ ವಿಷಯಕ್ಕೆ. ಊರಿನಿಂದ ಇಬ್ಬರು ನೆಂಟರು ಬಂದಿದ್ದರು. ಸೊಸೆಯ ಕೈ ಅಡುಗೆ ಹೆಂಗ ಅದರೀ ಎಂದು ಅವರು ಕೇಳಿದ್ದಕ್ಕೆ ಅಪ್ಪ ನಗುತ್ತ, "ದವಾಖಾನಿ ಊಟ ಇದ್ದಂಗ ನೋಡ್ರಿ. ಬಿಳಿ ಅನ್ನ, ನೀರ ಸಾರು. ರೊಟ್ಟಿ ಮುಖಾ ನೋಡಿ ಭಾಳ ದಿನಾ ಆತು" ಅಂದುಬಿಟ್ಟರು. ಅವಳು ನೀರಿನ ಲೋಟಗಳನ್ನು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಐದು ಗಂಟೆಗೆದ್ದು, ತಿಂಡಿ, ಮಧ್ಯಾಹ್ನದ ಅಡುಗೆ ಮಾಡಿಟ್ಟು, ಬಸ್ಸಿನಲ್ಲಿ ಜೋತುಬಿದ್ದು ಶಿವಾಜಿನಗರಕ್ಕೆ ಹೋಗಿ ಬರುವವಳು. ಲೋಟಗಳನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಅವತ್ತಿನಿಂದ ಅಪ್ಪನ ಜೊತೆ ಮಾತು ನಿಲ್ಲಿಸಿದಳು.

ಅಪ್ಪ ತಪ್ಪಾಯಿತು ಅನ್ನುವ ಪೈಕಿಯಲ್ಲ. ಕೋರ್ಟಿನಲ್ಲಿದ್ದು ಇದ್ದು, ತಪ್ಪು ಒಪ್ಪಿಕೊಂಡರೆ ಕೆಲಸ ಕೆಟ್ಟಿತು ಎಂಬ ಭಾವನೆ ಅವರಿಗೆ. ಇವಳೂ ಬಿಗಿ ಬಿಡುವವಳಲ್ಲ. ನಾನು ಇಬ್ಬರ ನಡುವೆ ಬಾಯಿ ಹಾಕಲಿಲ್ಲ. ತಾನಾಗಿ ಸರಿಹೋಗುತ್ತದೆ ಅಂದುಕೊಂಡೆ. ಮನೆಯಲ್ಲಿ ಎಲ್ಲವೂ ತಾನಾಗಿ ಆಗಬೇಕು ಎಂಬ ಹುಚ್ಚು ನನ್ನದು, ಇದಕ್ಕೂ ಅದೇ ಲೆಕ್ಕ ಹಾಕಿದೆ.

ತಿಂಗಳುಗಟ್ಟಲೆ ನಮ್ಮ ಮನೆಯಲ್ಲಿ ಮಾವ ಸೊಸೆಯ ನಡುವೆ ಇದ್ದಿದ್ದು ಒಂದೇ ಮಾತು. ತಟ್ಟೆ ಮುಂದಿಡುವಾಗ ಮಾತಿಲ್ಲ, ಚಹಾ ಕೊಡುವಾಗ ಮಾತಿಲ್ಲ, ಔಷಧಿ ಮುಗಿದಿದೆಯಾ ಎಂದು ಕೇಳುವುದೂ ನನ್ನ ಮೂಲಕ. ಆದರೆ ಕುಕ್ಕರ್ ಕೂಗಿದರೆ ಮಾತ್ರ ಅಡುಗೆಮನೆಯಿಂದ ಬರುತ್ತಿತ್ತು:

"ಎಷ್ಟಾಯ್ತು?"

"ಮೂರು."

ಮೊದಲಿನ 'ಮಾವ' ಇಲ್ಲ, 'ನೋಡವಾ' ಇಲ್ಲ. ಬರೀ ಎಣಿಕೆ. ಆಮೇಲೆ ನಿಧಾನಕ್ಕೆ ಉತ್ತರ ಉದ್ದವಾಗತೊಡಗಿತು. ಇದು ಈಗ ಕೂತು ನೆನೆಸಿಕೊಂಡರೆ ಗೊತ್ತಾಗುತ್ತದೆ, ಆಗ ಗೊತ್ತಾಗಲಿಲ್ಲ. ಮೊದಲು "ಮೂರು" ಇದ್ದಿದ್ದು "ಮೂರು ಆದ್ವು" ಆಯಿತು. ಮಳೆಗಾಲ ಮುಗಿಯುವ ಹೊತ್ತಿಗೆ, "ಮೂರು ಆದ್ವು, ಅದರಾಗ ಒಂದು ಬರೇ ಉಸ್ ಅಂತು, ಅದನ್ನ ಹಿಡೀಬ್ಯಾಡ" ಎಂಬಲ್ಲಿಗೆ ಬಂದಿತ್ತು. ಒಂದು ದಿನ ಅವಳು, "ಹಾಗಾದ್ರೆ ಎರಡೇ ಅನ್ನಿ" ಅಂದಳು. ಅಪ್ಪ ಪೇಪರಿನ ಅಂಚು ನೋಡಿ, "ಎರಡೂವರಿ" ಅಂದರು. ಅಡುಗೆಮನೆಯಲ್ಲಿ ಅವಳು ನಕ್ಕಿದ್ದು ನನಗೆ ಕೇಳಿಸಿತು. ಕೇಳಿಸಿಯೂ ನನ್ನ ಕೆಲಸ ನೋಡಿಕೊಂಡೆ.

ಆಗ ನಾನು ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಮೀಟಿಂಗ್ ನಡೆದಿತ್ತು. ಇನ್ನೂ ಎಷ್ಟು ತಪ್ಪು ಉಳಿದಿವೆ ಎಂದು ದೊಡ್ಡ ಸಾಹೇಬರು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹಾಲ್‌ನಿಂದ ಅಪ್ಪನ ಧ್ವನಿ ಗುಡುಗಿತು: "ನಾಕು ಆದ್ವು!" ಮೀಟಿಂಗಿನಲ್ಲಿದ್ದ ಕನ್ನಡದವರೆಲ್ಲ ಬಿದ್ದು ಬಿದ್ದು ನಕ್ಕರು. ಉಳಿದವರಿಗೆ ಅರ್ಥ ಹೇಳಿದ ಮೇಲೆ ಅವರೂ ನಕ್ಕರು. ನನಗೆ ಮಾತ್ರ ಮೈ ಉರಿದುಹೋಯಿತು.

ಜೊತೆಯಲ್ಲಿ ಕೆಲಸ ಮಾಡುವವನೊಬ್ಬ ಆಮೇಲೆ ಫೋನ್ ಮಾಡಿ ಒಂದು ಸೆಟ್ಟಿಂಗ್ ಹೇಳಿಕೊಟ್ಟ. ಅದನ್ನು ಒತ್ತಿದರೆ ಎದುರಿಗಿರುವವರಿಗೆ ಹತ್ತಿರದ ಮಾತು ಬಿಟ್ಟು ಹಿಂದಿನ ಯಾವ ಸದ್ದೂ ಹೋಗುವುದಿಲ್ಲ. ಲ್ಯಾಪ್‌ಟಾಪಿನಲ್ಲೂ ಫೋನಿನಲ್ಲೂ ಒತ್ತಿದೆ. ಸದ್ದು ನಿಂತಿತು. ಅಲ್ಲಿಗೆ ವಿಷಯ ಮುಗಿಯಬೇಕಿತ್ತು. ಆದರೆ ಅಷ್ಟರಲ್ಲಿ ನನ್ನ ತಲೆಯಲ್ಲಿ ಯಂತ್ರ ಹೊಕ್ಕಿತ್ತು.

ಮೊದಲು ಸದ್ದು ಹಿಡಿಯುವ ಸಣ್ಣ ಮೈಕ್ ತಂದೆ. ಅದು ಮಿಕ್ಸರನ್ನೂ ಸೀಟಿ ಅಂದುಕೊಳ್ಳುತ್ತಿತ್ತು. ಬೆಳಿಗ್ಗೆ ಕಸ ಒಯ್ಯಲು ಹಾಡು ಹಾಕಿಕೊಂಡು ಬರುವ ಘಂಟಾಗಾಡಿ ಗೇಟಿನ ಹತ್ತಿರ ನಿಂತರೆ ಹದಿನೇಳು ಸೀಟಿ ತೋರಿಸುತ್ತಿತ್ತು. ಆಮೇಲೆ ನಡುಕ ಹಿಡಿಯುವ ಸೆನ್ಸರ್ ತಂದು ಒಲೆಯ ಕಾಲಿಗೆ ಕಟ್ಟಿದೆ. ಅದಕ್ಕೆ ಲಟ್ಟಣಿಗೆ ಬಿದ್ದರೂ ಸೀಟಿಯೇ. ಕೊನೆಗೆ ಎರಡನ್ನೂ ಕೂಡಿಸಿದೆ: ಸದ್ದೂ ಬರಬೇಕು, ನಡುಕವೂ ಬರಬೇಕು, ಆಗ ಮಾತ್ರ ಎಣಿಸಬೇಕು. ಹಬೆ ತಾಗದ ಡಬ್ಬಿ ಹುಡುಕಲು ಕ್ಯಾಂಪ್ ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿದೆ. ಎಣಿಕೆಯನ್ನು ಮಾತಿನಲ್ಲಿ ಹೇಳಿಸುವುದೋ ದೀಪದಲ್ಲಿ ತೋರಿಸುವುದೋ ಎಂದು ಎರಡು ದಿನ ಯೋಚಿಸಿ ದೀಪವೇ ಸೈ ಅಂದೆ. ಬೇಕಾದಷ್ಟು ಸೀಟಿಯಾದರೆ ಒಲೆಯ ಮೇಲೆ ಹಸಿರು ಪಟ್ಟಿ ಹೊತ್ತಿಕೊಳ್ಳಬೇಕು. ಮನೆಯಲ್ಲಿ ಯಾರೂ ಕೂಗಬಾರದು, ನನಗೆ ಬೇಕಾಗಿದ್ದು ಅದು.

ಯಂತ್ರದ ಎಣಿಕೆ ಸರಿಯೋ ತಪ್ಪೋ ಗೊತ್ತಾಗಬೇಕಲ್ಲ. ಅದಕ್ಕೆ ನಾನು ಅಪ್ಪನನ್ನೇ ಹಿಡಿದೆ. "ಅಪ್ಪಾ, ನೀವು ಎಳೆದ ಗೀಟು ನನಗ ದಿನಾ ತೋರಿಸ್ರಿ" ಅಂದೆ. ಅಪ್ಪನಿಗೆ ಹುರುಪು ಬಂತು. ಕೋರ್ಟಿನ ಕಾಗದ ಒಪ್ಪಿಸುವಂತೆ ಪೇಪರ್ ಮಡಚಿ ಅಂಚು ತೋರಿಸುವರು. ಗೀಟಿನ ಪಕ್ಕ ಅನ್ನಕ್ಕೆ 'ಅ', ಬೇಳೆಗೆ 'ಬೇ' ಎಂದು ಗುರುತು ಬೇರೆ. ಒಂದು ದಿನ ಯಂತ್ರ ಐದು ತೋರಿಸಿತು, ಅಪ್ಪನದು ನಾಲ್ಕು. ಮೇಲಿನ ಮನೆಯವರ ಕುಕ್ಕರಿನ ಸೀಟಿ ಕಿಟಕಿಯಿಂದ ಬಂದಿದೆ, ಅದೇ ಹೊತ್ತಿಗೆ ಸೊಸಿ ಬ್ಯಾಳಿ ಡಬ್ಬಿ ಒಲಿ ಪಕ್ಕ ಇಟ್ಟಾಳ ಎಂದು ಅಪ್ಪನೇ ಹುಡುಕಿಕೊಟ್ಟರು. ನನ್ನ ಆಫೀಸಿನಲ್ಲಿ ಅಂಥ ಪರೀಕ್ಷಕರು ಒಬ್ಬರೂ ಇರಲಿಲ್ಲ. ಅವರು ಹಿಡಿದ ತಪ್ಪುಗಳನ್ನೆಲ್ಲ ತಿದ್ದಿ ತಿದ್ದಿ ನಾನು ಯಂತ್ರವನ್ನು ಅವರ ಮಟ್ಟಕ್ಕೆ ತಂದೆ.

ಹತ್ತು ದಿನ ಒಂದೇ ಸಮನೆ ಇಬ್ಬರ ಎಣಿಕೆಯೂ ತಾಳೆಯಾದ ಮೇಲೆ ಡಬ್ಬಿಯನ್ನು ಗೋಡೆಗೆ ಬಡಿದೆ. ಹಾಲ್‌ಗೆ ಬಂದು, "ಆತು ಅಪ್ಪಾ, ಇನ್ನ ನೀವು ಎಣಸೂದು ಬ್ಯಾಡ. ಆರಾಮ್ ಪೇಪರ್ ಓದ್ರಿ" ಅಂದೆ.

ಅಪ್ಪ ಪೆನ್ನಿಗೆ ಟೊಪ್ಪಿ ಹಾಕಿ ಕಿಸೆಗೆ ಸಿಕ್ಕಿಸಿಕೊಂಡರು. "ಆತು" ಅಂದರು. ನಾನು ಅವರಿಗೆ ಉಪಕಾರ ಮಾಡಿದೆ ಎಂದೇ ತಿಳಿದುಕೊಂಡಿದ್ದೆ.

ಹೆಂಡತಿಗೂ ದೀಪ ತೋರಿಸಿದೆ. ಅವಳು ಒಲೆಯನ್ನು ನೋಡಿದಳು, ಡಬ್ಬಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಚೆನ್ನಾಗಿದೆ" ಅಂದಳು. ಮರುದಿನದಿಂದ ಮನೆ ಸ್ತಬ್ಧವಾಯಿತು. ಕುಕ್ಕರ್ ಕೂಗುವುದು, ದೀಪ ಹೊತ್ತುವುದು, ಅವಳು ಗ್ಯಾಸ್ ಆರಿಸುವುದು. ನನ್ನ ಮೀಟಿಂಗುಗಳು ಸುಸೂತ್ರವಾಗಿ ನಡೆದವು. ಯಂತ್ರದ ವಿಡಿಯೋ ಮಾಡಿ ಗೆಳೆಯರಿಗೆಲ್ಲ ಕಳಿಸಿದೆ, ಮೆಚ್ಚುಗೆ ಬಂತು. ಅಪ್ಪ ಪೇಪರ್ ಓದುತ್ತಿದ್ದರು. ಅವಳು ಅಡುಗೆ ಮಾಡುತ್ತಿದ್ದಳು. ನಡುವೆ ಒಂದು ಗೋಡೆ, ಅಷ್ಟೇ.

ದೀಪಾವಳಿಯಾದ ಮೇಲೆ ಅಪ್ಪ, ಸೊಲ್ಲಾಪುರದಲ್ಲಿರುವ ನನ್ನ ತಮ್ಮನ ಮನೆಗೆ ಹೊರಟರು. "ಸ್ವಲ್ಪ ದಿನಾ ಇದ್ದು ಬರ್ತೀನಿ" ಅಂದರು. ಟ್ರಂಕು, ಹೊದಿಕೆ, ಅವ್ವನ ಫೋಟೋ ಎಲ್ಲ ಕಟ್ಟಿದ್ದರು. ಸ್ವಲ್ಪ ದಿನಕ್ಕೆ ಯಾರಾದರೂ ಫೋಟೋ ಒಯ್ಯುತ್ತಾರೆಯೇ? ನಾನು ಕೇಳಲಿಲ್ಲ. ಅಲ್ಲಿ ದಿನಾ ರೊಟ್ಟಿ ಸಿಗುತ್ತದೆ, ಖುಷಿಯಾಗಿರಲಿ ಅಂದುಕೊಂಡೆ. ಸ್ಟೇಷನ್ನಿಗೆ ಬಿಟ್ಟು ಬಂದು ಹೆಂಡತಿಗೆ, "ಹೋಗ್ಲಿ ಬಿಡು, ನಿನಗೂ ನೆಮ್ಮದಿ" ಅಂದೆ.

ಅವಳು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಲ್ಲಿಸಿದಳು.

"ನಂಗೆ ಎಣಿಸಕ್ಕೆ ಬರಲ್ವಾ?" ಅಂದಳು.

ನನಗೆ ಅರ್ಥವಾಗಲಿಲ್ಲ.

"ಒಲೆ ಮುಂದೇನೆ ನಿಂತಿರ್ತಿದ್ನಲ್ಲ. ಹಾಲ್‌ನಲ್ಲಿ ಕೂತೋರಿಗೆ ಕೇಳಿಸಿದ ವಿಷಲ್ ನಂಗೆ ಕೇಳಿಸ್ತಿರ್ಲಿಲ್ವಾ? ಅವ್ರು ಹೇಳೋಕ್ ಮುಂಚೆ ಗ್ಯಾಸ್ ಆರಿಸಿರ್ತಿದ್ದೆ. ಆದ್ರೂ ಕೇಳ್ತಿದ್ದೆ." ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು. "ನಾನು ಸುಮ್ನೆ ಹೋಗಿ ಮಾತಾಡ್ಸೋಕಾಗ್ತಿರ್ಲಿಲ್ಲ. ಅವ್ರಿಗೂ ಆಗ್ತಿರ್ಲಿಲ್ಲ. ಅದೊಂದಿತ್ತು. ಹಬ್ಬದ ಹೊತ್ಗೆ ರೊಟ್ಟಿ ಹೆಂಗೆ ತಟ್ಟೋದು ಮಾವ ಅಂತ ಕೇಳೋಣ ಅಂತಿದ್ದೆ. ಅಷ್ಟ್ರಲ್ಲಿ ನೀನು ತಂದು ಆ ಡಬ್ಬಿ ಹೊಡ್ದೆ."

"ಮೊದಲೇ ಹೇಳಬಾರದಿತ್ತಾ?" ಎಂದು ರೇಗಿದೆ. ಅವಮಾನವಾದರೆ ನನಗೆ ಮೊದಲು ಬರುವುದು ಸಿಟ್ಟು.

"ಏನಂತ ಹೇಳ್ಲಿ?" ಅಂದಳು. ಮತ್ತೆ ಸೊಪ್ಪು ಎಳೆದುಕೊಂಡಳು.

ಮುಂದಿನ ಭಾನುವಾರ ಕೆಳಗೆ "ರದ್ದೀ..." ಎಂದು ಕೂಗು ಬಂತು. ಹಳೇ ಪೇಪರ್ ಕೊಳ್ಳುವವನು. ಅಪ್ಪನ ಕುರ್ಚಿಯ ಹಿಂದಿನ ಕಟ್ಟನ್ನು ಎತ್ತಿ ದಾರ ಸುತ್ತುವಾಗ ಒಂದು ಪೇಪರ್ ಜಾರಿತು. ಅಂಚಿನಲ್ಲಿ ಮೂರು ಗೀಟು, ಪಕ್ಕದಲ್ಲಿ 'ಅ'. ತಾರೀಖು ನೋಡಿದೆ. ಯಂತ್ರ ಹಾಕಿ ತಿಂಗಳಾದ ಮೇಲಿನದು. ಕಟ್ಟು ಬಿಚ್ಚಿ ನೆಲದ ಮೇಲೆ ಕೂತೆ. ಒಂದೊಂದೇ ಪೇಪರ್ ತೆಗೆದು ನೋಡಿದೆ. ಎಲ್ಲದರಲ್ಲೂ ಇತ್ತು. ಮೂರು, ನಾಲ್ಕು, ಆರು. ಒಂದರಲ್ಲಿ ಕೊನೆಯ ಗೀಟು ಅರ್ಧಕ್ಕೆ ನಿಂತಿತ್ತು, ಅದು ಉಸ್ ಅಂದಿದ್ದಿರಬೇಕು. ಸೊಲ್ಲಾಪುರಕ್ಕೆ ಹೊರಟ ದಿನದ ಪೇಪರಿನಲ್ಲೂ ಬೆಳಗಿನ ಅನ್ನದ ಮೂರು ಗೀಟು ಇದ್ದವು. ಯಾರಾದರೂ ಕೇಳಿದರೆ ಹೇಳಲು ಬರಬೇಕಲ್ಲ ಎಂದು, ಯಾರೂ ಕೇಳದಿದ್ದರೂ, ಅವರು ದಿನಾ ತಯಾರಾಗಿ ಕೂತಿದ್ದರು. ನಾನು ಅವರಿಂದ ಐದು ಮಾರು ದೂರದಲ್ಲಿ ಮೀಟಿಂಗ್ ಮಾಡುತ್ತಿದ್ದೆ.

ರದ್ದಿಯವನು ಕೆಳಗಿನಿಂದ ಎರಡು ಸಲ ಕೂಗಿ ಹೋದ. ಅವತ್ತೇ ಡಬ್ಬಿ ಕಿತ್ತೆ. ಕೀಳುವಾಗ ಗೋಡೆಯ ಸುಣ್ಣವೂ ಹಪ್ಪಳದಂತೆ ಎದ್ದು ಬಂತು. ಪೇಪರುಗಳನ್ನು ಹೆಂಡತಿಯ ಮುಂದಿಟ್ಟೆ. ಅವಳು ತುಂಬ ಹೊತ್ತು ನೋಡಿ, ಮಡಚಿ, ತನ್ನ ಸೀರೆಗಳ ಕಪಾಟಿನಲ್ಲಿಟ್ಟಳು.

ವಾಪಸ್ ಬರ್ರಿ ಎಂದು ಅಪ್ಪನಿಗೆ ಎಷ್ಟು ಸಲ ಹೇಳಿದ್ದೇನೋ. "ಬರೂಣಂತ ತಗೋ" ಅನ್ನುತ್ತಾರೆ. ಮೊಣಕಾಲು ನೋವು, ಬಿಸಿಲು, ಮದುವೆ, ಒಂದಲ್ಲ ಒಂದು ನೆಪ. ಬೇಸರ ತೋರಿಸುವುದಿಲ್ಲ. ತೋರಿಸಿದ್ದರೆ ನನಗೆ ಇದಕ್ಕಿಂತ ಹಗುರಾಗುತ್ತಿತ್ತು.

ಹೋದ ಭಾನುವಾರ ಬೆಳಿಗ್ಗೆ ಫೋನ್ ಮಾಡಿದ್ದೆ. ಸ್ಪೀಕರಿಗೆ ಹಾಕಿ ಊಟದ ಮೇಜಿನ ಮೇಲಿಟ್ಟಿದ್ದೆ. ಅಪ್ಪ ಸೊಲ್ಲಾಪುರದ ನೀರಿನ ತೊಂದರೆ ಹೇಳುತ್ತಿದ್ದರು. ಒಳಗೆ ಕುಕ್ಕರ್ ಕೂಗಿತು, ಮತ್ತೊಮ್ಮೆ ಕೂಗಿತು. ಹೆಂಡತಿ ಸೌಟು ಹಿಡಿದೇ ಬಾಗಿಲಿಗೆ ಬಂದಳು. ಫೋನನ್ನು ನೋಡುತ್ತ ನಿಂತಳು. ಮೂರನೆಯದು ಕೂಗಿ ಮುಗಿಯುವವರೆಗೂ ಕಾದು, ಮೇಜಿನ ಹತ್ತಿರ ಬಾಗಿ, ಜಗಳಕ್ಕೆ ಮುಂಚಿನ ಆ ಧ್ವನಿಯಲ್ಲಿ ಕೇಳಿದಳು:

"ಮಾವ, ಎಷ್ಟಾಯ್ತು?"

ಆ ಕಡೆ ಅಪ್ಪ ಮಾತು ನಿಲ್ಲಿಸಿದರು. ಹಿಂದಿನ ಸದ್ದು ಹೋಗದಂತೆ ಫೋನಿಗೆ ಆ ಸೆಟ್ಟಿಂಗ್ ಮಾಡಿದವನು ನಾನೇ, ಅದು ಇನ್ನೂ ಹಾಗೇ ಇತ್ತು. ತೆಗೆಯಲು ನೆನಪಾಗಿರಲಿಲ್ಲ.

"ಇಲ್ಲಿಗೆ ಕೇಳ್ಸೂದಿಲ್ಲ ನೋಡವಾ," ಅಂದರು ಅಪ್ಪ. "ನೀನೇ ಎಣಿಸ್ಕೋ."