ಲಿಂಬಿ ವಾಸನೆಯ ಲ್ಯಾಬು

ಹೋದ ಮಂಗಳವಾರ ಮುಂಜಾನೆ ಹನ್ನೊಂದರ ಸುಮಾರಿಗೆ ನಾನು ಸಾಯಬೇಕಿತ್ತು. ಇದು ನನ್ನ ಮಾತಲ್ಲ, ಲ್ಯಾಬ್ ರಿಪೋರ್ಟಿನ ಮಾತು.

ಸಾಯಲಿಲ್ಲ. (ಸತ್ತಿದ್ದರೆ ಪೇಪರಿನ ಈ ಅಂಕಣದ ಜಾಗದಲ್ಲಿ ಇವತ್ತು ಯಾವುದೋ ಸೀರೆ ಅಂಗಡಿಯ ಜಾಹೀರಾತು ಇರುತ್ತಿತ್ತು. ನಿಮಗೆ ಅಂಥ ನಷ್ಟವೇನೂ ಆಗುತ್ತಿರಲಿಲ್ಲ.)

ಆದದ್ದು ಇಷ್ಟು. ಒಂದು ತಿಂಗಳಿಂದ ನನಗೆ ಸುಸ್ತು. ಮಸ್ಕಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳಿಗೆ ಸುಸ್ತಾಗದಿದ್ದರೇ ಅದು ರೋಗ. ಆದರೆ ನಮ್ಮ ಮನೆಯವರು ಬಿಡಲಿಲ್ಲ. 'ಐವತ್ತು ದಾಟೀದಿ, ಒಮ್ಮೆ ರಕ್ತ ತೋರ್ಸಿಕೊಂಡು ಬಾ' ಅಂದರು. ಸಿಂಧನೂರಿನಲ್ಲಿ ಹೊಸ ಲ್ಯಾಬ್ ಆಗಿದೆ, ಬಹಳ ಕ್ಲೀನ್ ಐತಂತ, ಅಂತ ಯಾರೋ ಹೇಳಿದ್ದರು. ಸೋಮವಾರ ರಜೆ ಹಾಕಿ ಹೋದೆ.

ಕ್ಲೀನ್ ಅಂದರೆ ಕ್ಲೀನ್. ಗಾಜಿನ ಬಾಗಿಲು. ಬಿಳಿ ಟೈಲ್ಸ್ ನೆಲ. ಒಳಗೆ ಕಾಲಿಟ್ಟರೆ ಲಿಂಬಿಹಣ್ಣಿನ ಘಮ. ಗೋಡೆಯ ಮೇಲೆ 'ನಾವು ಪರಿಸರ ಪ್ರೇಮಿಗಳು, ಪ್ಲಾಸ್ಟಿಕ್ ಬಳಸುವುದಿಲ್ಲ' ಅಂತ ಬೋರ್ಡು, ಪಕ್ಕದಲ್ಲಿ ಹಸಿರು ಎಲೆಯ ಚಿತ್ರ. ನನ್ನ ರಕ್ತವನ್ನು ಫಳಫಳ ಹೊಳೆಯುವ ಗಾಜಿನ ನಳಿಗೆಯಲ್ಲಿ ತುಂಬಿದರು. ಆಹಾ, ಇದಪ್ಪಾ ಲ್ಯಾಬ್ ಅಂದರೆ ಅಂದುಕೊಂಡು ಬಂದೆ.

ಮರುದಿನ ಮುಂಜಾನೆ ರಿಪೋರ್ಟು ಮೊಬೈಲಿಗೆ ಬಂತು. ಓದದೆ ನಮ್ಮ ಡಾಕ್ಟರಿಗೆ ಕಳಿಸಿದೆ. (ರಿಪೋರ್ಟನ್ನು ನಾವೇ ಓದಿದರೆ ಇಲ್ಲದ ರೋಗಗಳೂ ಬರುತ್ತವೆ.) ಐದು ನಿಮಿಷಕ್ಕೆ ಅವರ ಫೋನು.

'ಮೇಡಂ, ಎಲ್ಲಿದ್ದೀರಿ? ನಿಂತೀರೋ ಕುಂತೀರೋ?'

'ಒಗ್ಗರಣಿ ಹಾಕಾಕತ್ತೀನ್ರಿ.'

'ಗ್ಯಾಸ್ ಬಂದ್ ಮಾಡ್ರಿ. ಕುಂದರ್ರಿ. ನಿಮ್ಮ ಪೊಟ್ಯಾಸಿಯಂ ಭಾಳ ಏರೈತಿ. ಹಿಂಗಿದ್ರ ಹಾರ್ಟ್ ಯಾವಾಗ ಬೇಕಾದಾಗ ನಿಲ್ಲತೈತಿ. ಈಗಿಂದೀಗ ಲಿಂಗಸುಗೂರಿಗೆ ಹೋಗ್ರಿ, ಅಲ್ಲಿ ಅಡ್ಮಿಟ್ ಮಾಡ್ಕೋತಾರ.'

ಇಪ್ಪತ್ತೆಂಟು ವರ್ಷ ನಾನು ಮಕ್ಕಳಿಗೆ ಪೊಟ್ಯಾಸಿಯಂನ ಚಿಹ್ನೆ ಬಾಯಿಪಾಠ ಮಾಡಿಸಿದ್ದೇನೆ. ಅದು ಹೀಗೆ ಸೇಡು ತೀರಿಸಿಕೊಳ್ಳುತ್ತದೆ ಅಂದುಕೊಂಡಿರಲಿಲ್ಲ.

ನಮ್ಮ ಮನೆಯವರು ಮೊದಲು ಮಾಡಿದ ಕೆಲಸ, ಪೊಟ್ಯಾಸಿಯಂ ತುಂಬಿದ ಹಣ್ಣು ಅಂತ ದೇವರ ಮುಂದಿದ್ದ ಬಾಳೆಹಣ್ಣನ್ನು ಎತ್ತಿ ಪಕ್ಕದ ಮನೆಗೆ ಕೊಟ್ಟಿದ್ದು. ಎರಡನೆಯದು, ಮೊಬೈಲಿನಲ್ಲಿ 'ಪೊಟ್ಯಾಸಿಯಂ ಹೆಚ್ಚಾದರೆ' ಅಂತ ಹುಡುಕಿದ್ದು. ಮೂರನೆಯದು, ನನ್ನನ್ನು ನೋಡಿ ಕಣ್ಣು ಒರೆಸಿಕೊಂಡಿದ್ದು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ನನಗಾಗಿ ಅತ್ತಿದ್ದು ಅದೇ ಮೊದಲು. ಸುಳ್ಳು ಹೇಳಬಾರದು, ಒಳಗೊಳಗೇ ಖುಷಿಯೂ ಆಯಿತು.

ಖುಷಿ ಕಾರು ಹತ್ತುವ ತನಕ. ದಾರಿಯುದ್ದಕ್ಕೂ ನಾನು ಎದೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ಡಬ್ ಅಂದರೆ ಮುಂದಿನದು ಬರುತ್ತದೋ ಇಲ್ಲವೋ ಅಂತ ಕಾಯುವುದು. ಬಂತು. ಮತ್ತೆ ಕಾಯುವುದು. ಮಗಳಿಗೆ ಏನು ಹೇಳಬೇಕು, ಬೀರುವಿನ ಕೀಲಿ ಎಲ್ಲಿದೆ ಅಂತ ಇವರಿಗೆ ಹೇಳಬೇಕೋ ಬೇಡವೋ, ಇದೇ ಯೋಚನೆ. ಬಾಯಿ ಒಣಗಿತ್ತು. ನೀರು ಕುಡಿಯಲೂ ಭಯ.

ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು. ಮತ್ತೆ ರಕ್ತ ತೆಗೆದರು, ಈ ಸಲ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ನಳಿಗೆಯಲ್ಲಿ. ಅಷ್ಟರಲ್ಲಿ ಗುರುಗುಂಟಾದಿಂದ ನಮ್ಮ ನಾದಿನಿ ಓಡೋಡಿ ಬಂದಳು. ಒಂದು ಕೈಯಲ್ಲಿ ನಾಲ್ಕು ಎಳನೀರು, ಇನ್ನೊಂದು ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು. ಎರಡೂ ಪೊಟ್ಯಾಸಿಯಂ ಗಣಿ.

'ವೈನಿ, ಮಾರಿ ಎಷ್ಟ್ ಬಾಡೈತಿ ನೋಡು. ಎಳನೀರು ಕುಡಿ, ಜೀವ ತಣ್ಣಗಾಗತೈತಿ.'

'ಪೂರಾ ತಣ್ಣಗಾಗತೈತವ್ವಾ, ದೂರ ಇಡು' ಅಂದೆ.

ಒಂದು ತಾಸಿಗೆ ಡಾಕ್ಟರ್ ಬಂದರು. ನನ್ನ ಮಗಳ ವಯಸ್ಸಿನ ಹುಡುಗಿ. ಕೈಯಲ್ಲಿದ್ದ ಕಾಗದ ನೋಡಿ ನಕ್ಕಳು.

'ನಿಮ್ಮ ಪೊಟ್ಯಾಸಿಯಂ ಬರೋಬ್ಬರಿ ಐತ್ರಿ ಮೇಡಂ. ಎದಿನೂ ಗಟ್ಟಿ ಐತಿ. ನಿನ್ನೆ ರಕ್ತ ಹಾಕಿದ್ರಲ್ಲ, ಆ ನಳಿಗಿ ಸರಿ ಇಲ್ಲ ಅನಸತೈತಿ. ತೊಳದದ್ದು ಇರಬೇಕು.'

'ತೊಳದ್ರ ಛಲೋ ಅಲ್ಲೇನ್ರಿ?'

'ಸೋಪು ಹಾಕಿ ತೊಳದು, ಸೋಪು ಹೋಗೋಹಂಗ ತೊಳೀದಿದ್ರ? ಉಳಿದ ಸೋಪು ರಕ್ತದ ಕಣ ಒಡೀತೈತ್ರಿ. ಕಣದಾಗಿನ ಪೊಟ್ಯಾಸಿಯಂ ಎಲ್ಲಾ ಹೊರಗ ಬರತೈತಿ. ಮಷಿನ್ ಅದನ್ನೇ ಅಳೀತೈತಿ, ಅದರ ತಪ್ಪಿಲ್ಲ. ಆದ್ರ ರಕ್ತ ತಳಕ್ಕ ಕುಂತ ಮ್ಯಾಲ ತಿಳಿ ಹಳದಿ ನೀರು ನಿಲ್ಲತೈತಲ್ಲ, ಕಣ ಒಡದ್ರ ಅದು ಕೆಂಪಾಗಿರತೈತಿ, ಕಣ್ಣಿಗೇ ಕಾಣತೈತಿ. ನಳಿಗಿ ಎತ್ತಿ ನೋಡಿದ್ರ ಸಾಕಿತ್ತು.'

ನಳಿಗೆ ಎತ್ತಿ ನೋಡುವವರು ಯಾರು? ಎಲ್ಲರೂ ಸ್ಕ್ರೀನ್ ನೋಡುವವರೇ.

ಭಯ ಹೋಯಿತು. ಅದರ ಜಾಗಕ್ಕೆ ಸಿಟ್ಟು ಬಂತು. ಬುಧವಾರ ಎರಡೂ ರಿಪೋರ್ಟು ಹಿಡಿದು ಸಿಂಧನೂರಿನ ಲ್ಯಾಬಿಗೆ ನುಗ್ಗಿದೆ. ಮಾಲೀಕರು (ಹೆಸರು ಬೇಡ, ಕೈ ಮುಗಿದು ಕೇಳಿಕೊಂಡಿದ್ದಾರೆ) ನನ್ನನ್ನು ಕೂರಿಸಿ, ಒಂದು ನಳಿಗೆ ತಂದು ಬೆಳಕಿಗೆ ಹಿಡಿದರು.

'ನೋಡ್ರಿ ಮೇಡಂ. ಇದರಾಗ ಮಾರಿ ಕಾಣಸ್ತೈತಿ. ಇದಕ್ಕಿಂತ ಕ್ಲೀನ್ ಏನ್ ಬೇಕ್ರಿ? ನಾವು ಹಾಕೋದು ಕಾಸ್ಟ್ಲಿ ಲಿಕ್ವಿಡ್. ವಾಸನಿ ತಗೋರಿ ಬೇಕಾದ್ರ.'

ಮೂಸಿದೆ. ಲಿಂಬಿ. ರಕ್ತ ಪರೀಕ್ಷೆಯ ನಳಿಗೆಯಿಂದ ಶರಬತ್ತಿನ ವಾಸನೆ!

'ಇದು ಮನ್ಯಾಗ ತಾಟು ತೊಳಿಯೋ ಲಿಕ್ವಿಡ್ ಅಲ್ಲೇನ್ರಿ?' ದನಿ ಏರಿತ್ತು. ಹೊರಗೆ ಕೂತ ಪೇಷಂಟುಗಳು ಕತ್ತು ಚಾಚತೊಡಗಿದರು. ಮಾಲೀಕರಿಗೆ ಒಬ್ಬ ಅಪರಾಧಿ ಬೇಕಾಗಿದ್ದ, ತಕ್ಷಣ. ಒಳಗೆ ತಿರುಗಿ ಕೂಗಿದರು, 'ಏ ಈರಮ್ಮಾ, ಬಾ ಇಲ್ಲಿ!'

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಒಬ್ಬ ಹೆಂಗಸು ಬಂದು ನಿಂತಳು. ನಳಿಗೆ ತೊಳೆಯುವವಳು. ನಲವತ್ತರ ಮೇಲಿರಬೇಕು.

'ನಿನ್ನಿಂದ ಮೇಡಂ ಅವರ ಜೀವಕ್ಕ ಕುತ್ತು ಬಂದಿತ್ತು ನೋಡು. ನಾಳಿಂದ ಬರಬ್ಯಾಡ ನೀ.'

ಅವಳು ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು. ಚೀಲ ತಗೊಂಡು ಹೊರಟಳು. ಮತ್ತೆ ನಾನು? ನ್ಯಾಯ ಸಿಕ್ಕಿತು ಅಂತ ಅವರು ತರಿಸಿದ ಚಹಾ ಕುಡಿದು ಬಂದೆ.

ಬಸ್‌ಸ್ಟ್ಯಾಂಡಿನಲ್ಲಿ ನೋಡಿದರೆ ಬೆಂಚಿನ ಮೇಲೆ ಅದೇ ಈರಮ್ಮ. ತನ್ನೂರು ವಳಕಮದಿನ್ನಿಯ ಬಸ್ಸಿಗೆ ಕಾಯುತ್ತಿದ್ದಳು. ಖಾಲಿ ಜಾಗ ಇದ್ದದ್ದು ಅವಳ ಪಕ್ಕದಲ್ಲಿ ಮಾತ್ರ. ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ಆದರೆ ಇಪ್ಪತ್ತೆಂಟು ವರ್ಷ ಟೀಚರಾದವರಿಗೆ ಬುದ್ಧಿ ಹೇಳುವ ಚಟ ಇರುತ್ತದೆ ನೋಡಿ.

'ಅಲ್ಲಬೇ ಈರಮ್ಮ, ಒಂದೀಟು ನೀರು ಹೆಚ್ಚು ಹಾಕಿ ತೊಳದಿದ್ರ ಏನಾಗತಿತ್ತು?'

ಅವಳು ರಸ್ತೆ ನೋಡುತ್ತಲೇ ಉತ್ತರ ಕೊಟ್ಟಳು.

'ಅಕ್ಕಾರ, ನಾ ಮೊದಲ ಬೀಜದ ಕಂಪನಿ ಲ್ಯಾಬಿನ್ಯಾಗ ಒಂಬತ್ತು ವರ್ಷ ಗಾಜು ತೊಳದೀನಿ. ಅಲ್ಲಿ ಮೇಡಂ ಕಲಿಸಿದ್ರು. ಲ್ಯಾಬಿನ ಸೋಪು ಬ್ಯಾರೆನೇ ಇರತೈತಿ, ಬಣ್ಣ ಇಲ್ಲ, ವಾಸನಿ ಇಲ್ಲ. ಅದರಾಗ ನೆನಿ ಇಡಬೇಕು, ಬ್ರಷ್ ಹಾಕಬೇಕು. ಆಮ್ಯಾಲ ನಳದ ನೀರಾಗ ಆರೇಳು ಸಲ. ಕಡೀಕ ಡಿಸ್ಟಿಲ್ಡ್ ನೀರಾಗ ಮೂರು ಸಲ. ಬಾಯಿ ಕೆಳಗ ಮಾಡಿ ಡಬ್ಬ ಹಾಕಿ ಆರಸಬೇಕು. ಬಟ್ಟಿ ಮುಟ್ಟಸಬಾರದು. ಸೋಪು ಹಾಕೋದು ಕೆಲಸ ಅಲ್ರಿ, ಸೋಪು ತೆಗಿಯೋದು ಕೆಲಸ.'

'ಮತ್ತ ಇಲ್ಲಿ?'

'ಇಲ್ಲಿ ಒಂದು ಬಕೀಟು ನೀರು. ಅದರಾಗೇ ಎಲ್ಲಾ ಅದ್ದಿ ತೆಗಿ ಅಂತಾರ. ಡಿಸ್ಟಿಲ್ಡ್ ನೀರಿನ ಕ್ಯಾನು ಐತ್ರಿ, ಅದನ್ನ ಇನ್ವರ್ಟರ್ ಬ್ಯಾಟ್ರಿಗೆ ಹಾಕ್ತಾರ. ವಾಸನಿ ಇಲ್ಲದ ಸೋಪು ತರಸ್ರಿ ಅಂದೆ. ಘಮಘಮ ಅಂದ್ರನ ಮಂದಿ ಬರತಾರ, ನಿನಗೇನ್ ತಿಳೀತೈತಿ ಅಂದ್ರು.' ಆಮೇಲೆ ದನಿ ತಗ್ಗಿತು. 'ಹೊಲದಾಗ ಭತ್ತದ ನಾಟಿ ಕೆಲಸನೂ ಮುಗದೈತ್ರಿ. ನಾಳೆ ಎಲ್ಲಿಗೆ ಹೋಗಲಿ ಅಂತ ಫಿಕರ್ ಹತ್ತೈತಿ.'

ಇಡೀ ಲ್ಯಾಬಿನಲ್ಲಿ ಕೆಲಸ ಗೊತ್ತಿದ್ದವಳು ಒಬ್ಬಳೇ. ಅವಳನ್ನು ಓಡಿಸಲು ನಾನು ಮಸ್ಕಿಯಿಂದ ಬಸ್ಸು ಹತ್ತಿ ಬಂದಿದ್ದೆ!

'ಏಳು, ನಡಿ' ಅಂದೆ.

'ಬ್ಯಾಡ್ರಿ ಅಕ್ಕಾರ. ಮತ್ತ ಬೈತಾರ.'

'ಈ ಸಲ ನಾ ಇರ್ತೀನಿ.'

ಮಾಲೀಕರು ನಮ್ಮಿಬ್ಬರನ್ನು ಒಟ್ಟಿಗೆ ನೋಡಿ ಎದ್ದೇ ನಿಂತರು. ಈರಮ್ಮ ಸೀದಾ ನಳಿಗೆಗಳ ಹತ್ತಿರ ನಡೆದಳು. ಸ್ಟ್ಯಾಂಡಿನಿಂದ ಫಳಫಳ ಹೊಳೆಯುವ ಒಂದು ನಳಿಗೆ ತೆಗೆದಳು. ಇನ್ವರ್ಟರಿನ ಪಕ್ಕ ಇದ್ದ ಕ್ಯಾನಿನಿಂದ ಅದಕ್ಕೆ ಸ್ವಲ್ಪ ನೀರು ಹಾಕಿದಳು. ಹೆಬ್ಬೆರಳು ಮುಚ್ಚಿ ಜೋರಾಗಿ ಅಲುಗಾಡಿಸಿ, ಟೇಬಲ್ ಮೇಲೆ ಹಿಡಿದಳು.

ನೊರೆ. ಅರ್ಧ ನಳಿಗೆ ನೊರೆ. ಲಿಂಬಿ ವಾಸನೆಯ ಸಮೇತ.

ಕಾಯುತ್ತ ಕೂತಿದ್ದ ಒಬ್ಬ ಅಜ್ಜ, 'ನಮ್ಮ ರಕ್ತನೂ ಇದರಾಗೇ ಹಾಕ್ತೀರೇನ್ರಿ?' ಅಂತ ಕೇಳಿದ. ಮಾಲೀಕರ ಮುಖ ನೊರೆಗಿಂತ ಬೆಳ್ಳಗಾಯಿತು.

'ಈರಮ್ಮ ನಾಳಿಂದ ಬರತಾಳ. ಅಕಿ ಹೇಳಿದ ಸೋಪು ಬರತೈತಿ. ನೀರಿನ ಕ್ಯಾನು ಬ್ಯಾಟ್ರಿಗೆ ಅಲ್ಲ, ಅಕಿಗೆ' ಅಂದೆ. 'ಮತ್ತ ಈ ಲಿಕ್ವಿಡ್ ಬಂದಾಗಿಂದ ರಕ್ತ ಕೊಟ್ಟೋರಿಗೆಲ್ಲ ಈಗ ಫೋನ್ ಹಚ್ಚರಿ. ಇನ್ನೊಮ್ಮೆ ಟೆಸ್ಟ್ ಮಾಡ್ತೀವಿ ಅನ್ರಿ.'

'ಎಲ್ಲಾರಿಗೂ? ಹೆಸರು ಕೆಡತೈತ್ರಿ ಮೇಡಂ.'

'ನಾ ವಾರಕ್ಕೊಮ್ಮೆ ಪೇಪರಿನ್ಯಾಗ ಬರೀತೀನಿ, ಗೊತ್ತೈತಲ್ಲ?' (ಈ ಅಂಕಣದಿಂದ ನನಗೆ ಇದುವರೆಗೆ ಆದ ಉಪಯೋಗ ಇದೊಂದೇ.)

ಫೋನು ಹಚ್ಚಿದರು. ನಾನು ಎದುರಿಗೇ ಕೂತೆ. ಜವಳಗೇರಾದ ಒಬ್ಬ ಹಿರಿಯರಿಗೂ ನನ್ನಂಥದೇ ರಿಪೋರ್ಟು ಬಂದಿತ್ತಂತೆ, ನಾಲ್ಕು ದಿನದಿಂದ ಹಾಸಿಗೆ ಬಿಟ್ಟು ಎದ್ದಿಲ್ಲವಂತೆ. ಫೋನ್ ಎತ್ತಿದ್ದು ಅವರ ಹೆಂಡತಿ. ಎಲ್ಲ ಕೇಳಿಸಿಕೊಂಡರು. ಆಮೇಲೆ ಸ್ಪೀಕರಿನಲ್ಲಿ ಅವರ ದನಿ ಬಂತು, 'ಹಂಗಾರ ಅವರಿಗೆ ಬಾಳೆಹಣ್ಣು ಕೊಡಲೇನ್ರಿ? ಭಾಳ ಆಸಿ ಪಡಾಕತ್ಯಾರ.' ಮಾಲೀಕರು ಫೋನನ್ನು ನನ್ನ ಕಡೆ ತಳ್ಳಿದರು. ಮೊದಲು ಇನ್ನೊಮ್ಮೆ ಟೆಸ್ಟು ಮಾಡಿಸ್ರಿ, ಆಮ್ಯಾಲ ಹೊಟ್ಟಿ ತುಂಬ ಕೊಡ್ರಿ ಅಂತ ನಾನೇ ಹೇಳಿದೆ. ಮರುದಿನ ಅವರದೂ ಸರಿಯಾಗಿಯೇ ಬಂತು.

ಈರಮ್ಮ ಈಗ ಕೆಲಸದಲ್ಲಿದ್ದಾಳೆ. ಲ್ಯಾಬಿನಲ್ಲಿ ಯಾವ ವಾಸನೆಯೂ ಇಲ್ಲ. ಅದಕ್ಕೇ ಪೇಷಂಟುಗಳು 'ಯಾಕ್ರಿ, ಮೊದಲಿನಂಗ ಕ್ಲೀನ್ ಇಲ್ಲಲ್ಲ' ಅನ್ನುತ್ತಿದ್ದಾರಂತೆ!

ನಗಬೇಡಿ. ನಾವು ಇರುವುದೇ ಹಾಗೆ. ನಮಗೆ ಸ್ವಚ್ಛ ಅಂದರೆ ಹೊಳಪು, ಸ್ವಚ್ಛ ಅಂದರೆ ಘಮ. ಸಾಹೇಬರು ಬರುವ ಹಿಂದಿನ ದಿನ ಆಫೀಸಿಗೆ ಫಿನಾಯಿಲ್, ಮಂತ್ರಿ ಬರುವ ಹಿಂದಿನ ದಿನ ರಸ್ತೆಬದಿಗೆ ಬ್ಲೀಚಿಂಗ್ ಪೌಡರ್. ಮೂಗಿಗೆ ತೃಪ್ತಿಯಾದರೆ ಕಣ್ಣು ಕೆಲಸ ನಿಲ್ಲಿಸುತ್ತದೆ.

ಊರಿಗೆ ಉಪದೇಶ ಮಾಡುವ ಮೊದಲು ನನ್ನ ಕಪಾಟು ನೋಡಿಕೊಳ್ಳಬೇಕು ಅನ್ನಿಸಿತು. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಒಂದು ಪವಾಡ ನಡೆಯುತ್ತದೆ. ಕ್ಷಾರಕ್ಕೆ ಮಾತ್ರ ನೀಲಿಯಾಗಬೇಕಾದ ಕೆಂಪು ಲಿಟ್ಮಸ್ ಕಾಗದ, ಯಾವ ನಳಿಗೆಗೆ ಅದ್ದಿದರೂ ನೀಲಿಯಾಗುತ್ತದೆ. ಬರಿ ನೀರಿಗೂ ನೀಲಿ, ಸಕ್ಕರೆ ನೀರಿಗೂ ನೀಲಿ. ಮಕ್ಕಳು ಕೇಳಿದಾಗಲೆಲ್ಲ ನಾನು ಹೇಳುತ್ತಿದ್ದದ್ದು, 'ಕಂಡದ್ದು ಬರೀಬ್ಯಾಡ್ರಿ, ಪುಸ್ತಕದಾಗ ಇದ್ದದ್ದು ಬರೀರಿ.' ಕಂಡದ್ದನ್ನೇ ಬರೆದ ಕೆಲವರು ಪ್ರತಿ ವರ್ಷ ಇರುತ್ತಿದ್ದರು. ಅವರಿಗೆ ಕೆಂಪು ಗೆರೆ ಎಳೆದಿದ್ದೇನೆ.

ಶನಿವಾರ ಮಧ್ಯಾಹ್ನ ಈರಮ್ಮನನ್ನು ಶಾಲೆಗೆ ಕರೆಸಿದೆ. ಹತ್ತನೇ ತರಗತಿಯ ಹುಡುಗಿಯರು ಸುತ್ತ ನಿಂತರು. ಅವಳು ಕಪಾಟಿನಿಂದ ಒಂದೊಂದೇ ನಳಿಗೆ ತೆಗೆದು, ನೀರು ಹಾಕಿ, ಹೆಬ್ಬೆರಳು ಮುಚ್ಚಿ ಅಲುಗಾಡಿಸಿದಳು. ಒಂದರಲ್ಲಿ ನೊರೆ. ಎರಡರಲ್ಲಿ ನೊರೆ. ಹತ್ತರಲ್ಲೂ ನೊರೆ. ಹುಡುಗಿಯರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿ ನನ್ನ ಕಡೆ ನೋಡಿದರು.

ಲಿಟ್ಮಸ್ ವಿಷಯ, ಕೆಂಪು ಗೆರೆಯ ವಿಷಯ ನಾನೇ ಅವಳಿಗೆ ಹೇಳಿದೆ: ಕಾಗದವನ್ನು ನೀಲಿ ಮಾಡುತ್ತಿದ್ದದ್ದು ನಳಿಗೆಯಲ್ಲಿ ಉಳಿದ ಈ ಸೋಪಿನ ಕ್ಷಾರವೇ. ಈರಮ್ಮ ನಳಿಗೆಯನ್ನು ಸ್ಟ್ಯಾಂಡಿಗೆ ಇಟ್ಟು, ಯಾವ ವ್ಯಂಗ್ಯವೂ ಇಲ್ಲದೆ, ತಿಳಿಯದ್ದನ್ನು ಕೇಳುವ ಹಾಗೆ ಕೇಳಿದಳು:

'ಹಂಗಾರ ಅಕ್ಕಾರ, ಖರೇ ಬರದ ಹುಡುಗೂರಿಗೆ ಇಷ್ಟು ವರ್ಷ ಎಷ್ಟು ಮಾರ್ಕ್ಸ್ ಕಡದೀರಿ?'