ಮೂರೂಕಾಲು ಟೀಚರ್

ನನ್ನ ದೊಡ್ಡಮ್ಮ ಮನೆಯಲ್ಲಿ ದೊಡ್ಡಮ್ಮ, ಶಾಲೆಯಲ್ಲಿ ಟೀಚರ್. ಶಾಲೆಯ ಗೇಟೇ ಎರಡರ ನಡುವಿನ ಗಡಿ. ಆಚೆ ಕಡೆ ನನ್ನ ಜಡೆ ಹೆಣೆದು, ರಿಬ್ಬನ್ ಕಟ್ಟಿ, ಕೈ ಹಿಡಿದು ಕರೆದುಕೊಂಡು ಬಂದವಳು ಗೇಟು ದಾಟಿದ ತಕ್ಷಣ, “ಏ ಹುಡುಗಿ, ಶೂಗೆ ಯಾಕೆ ಪಾಲಿಶ್ ಹಾಕಿಲ್ಲ?” ಎಂದು ಕಣ್ಣು ಕೆಕ್ಕರಿಸುತ್ತಿದ್ದಳು. ಪಾಲಿಶ್ ಡಬ್ಬಿ ಎಲ್ಲಿಟ್ಟೆನೆಂದು ಮರೆತು ಬೆಳಿಗ್ಗೆ ಮನೆಯೆಲ್ಲ ತಡಕಾಡಿದವಳೂ ಅವಳೇ. ನಾನು ಹಲ್ಲು ಕಚ್ಚಿಕೊಂಡು “ಸಾರಿ ಟೀಚರ್” ಎನ್ನುತ್ತಿದ್ದೆ.

ಚರ್ಚಿನ ಮಗ್ಗುಲಲ್ಲಿದ್ದ ಆ ಪುಟ್ಟ ಪ್ರಾಥಮಿಕ ಶಾಲೆಯಲ್ಲಿ ಅವಳು ಇಪ್ಪತ್ತೆರಡು ವರ್ಷ ಮೂರನೇ ಕ್ಲಾಸಿಗೇ ಅಂಟಿಕೊಂಡಿದ್ದಳು. ಊರೆಲ್ಲ ಅವಳನ್ನು ಕರೆಯುತ್ತಿದ್ದುದು ಮೂರೂಕಾಲು ಟೀಚರ್ ಎಂದು. ಶಾಲೆ ಬಿಡುತ್ತಿದ್ದುದು ಮೂರೂವರೆಗೆ. ಅದಕ್ಕೆ ಕಾಲು ಗಂಟೆ ಮುಂಚೆ ಆಯಾ ಒಂದು ಸಣ್ಣ ಗಂಟೆ ಬಾರಿಸುತ್ತಿದ್ದಳು. ಆ ಗಂಟೆ ನಮ್ಮ ಕ್ಲಾಸಿಗೆ ಮಾತ್ರ. ಗಂಟೆಯಾದೊಡನೆ ನಾವು ಮೂವತ್ತನಾಲ್ಕು ಮಂದಿಯೂ ಎದ್ದು ನಿಲ್ಲಬೇಕು, ಒಬ್ಬೊಬ್ಬರಾಗಿ ಆ ದಿನ ಮಾಡಿದ ತಪ್ಪು ಹೇಳಿ “ಇನ್ನು ಮಾಡಲ್ಲ” ಎನ್ನಬೇಕು. ಆಗ ಇಡೀ ಕ್ಲಾಸು “ಕ್ಷಮಿಸಿದ್ದೀವಿ, ಕೂತ್ಕೋ” ಎನ್ನಬೇಕು.

ಇದರ ಹಿಂದಿನ ತರ್ಕವನ್ನು ಅವಳು ಪ್ರತಿ ವರ್ಷದ ಮೊದಲ ದಿನವೇ ಹೇಳಿಬಿಡುತ್ತಿದ್ದಳು. “ನಾವು ಬೇರೆಯವರನ್ನ ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸು ಅಂತ ದಿನಾ ಬೆಳಿಗ್ಗೆ ಪ್ರಾರ್ಥನೆ ಮಾಡ್ತೀರಿ. ದೇವರ ಪಾಲಿನ ಕೆಲಸ ದೇವರು ಮಾಡ್ತಾನೆ. ನಿಮ್ಮ ಪಾಲಿಂದು ಯಾರು ಮಾಡ್ತಾರೆ, ನಿಮ್ಮಜ್ಜಿನಾ?”

ನಿಯಮಗಳಿದ್ದವು. ತಂತಮ್ಮ ತಪ್ಪು ಮಾತ್ರ, ಪಕ್ಕದವರದ್ದಲ್ಲ. ಇದ್ದುದರಲ್ಲಿ ದೊಡ್ಡ ತಪ್ಪನ್ನೇ ಹೇಳಬೇಕು, ಚಿಲ್ಲರೆಯಲ್ಲಿ ಮುಗಿಸುವಂತಿಲ್ಲ. ಆ ಹೊತ್ತಿನಲ್ಲಿ ಕೋಣೆಯೊಳಗೆ ನಿಂತಿರುವವರು ಯಾರೇ ಆಗಲಿ, ಒಂದು ತಪ್ಪು ಹೇಳದೆ ಕೂರುವಂತಿಲ್ಲ. ಟೀಚರ್ ಮಾತ್ರ ಬೋರ್ಡಿನ ಪಕ್ಕ ಕೊನೆಯವರೆಗೂ ನಿಂತೇ ಇರುತ್ತಿದ್ದಳು. ಆ ನಿಯಮ ಅವಳಿಗೂ ಸೇರಿದ್ದು ಎಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ನಮ್ಮ ಕಷ್ಟ ಬೇರೆಯೇ ಇತ್ತು. ಕೆಲವರಿಗೆ ತಪ್ಪಿನ ಅಭಾವ. ಡಾಕ್ಟರ ಮಗ ಎಂಥ ಒಳ್ಳೆಯ ಹುಡುಗನೆಂದರೆ ಮಧ್ಯಾಹ್ನವಾದರೂ ಅವನ ಕೈಯಲ್ಲಿ ಒಂದು ತಪ್ಪೂ ಇರುತ್ತಿರಲಿಲ್ಲ. ಊಟದ ಬಿಡುವು ಮುಗಿಯುತ್ತ ಬಂದಂತೆ ಮುಖ ಸಪ್ಪೆ ಮಾಡಿಕೊಂಡು ಬಂದು, ನನ್ನ ಜಡೆ ಒಮ್ಮೆ ಎಳೆದು, “ಸಾರಿ, ಮೂರೂಕಾಲಿಗೆ ಬೇಕಿತ್ತು” ಎಂದು ಹೋಗುತ್ತಿದ್ದ. ಅವನನ್ನು ನೋಡಿ ಉಳಿದ ಸಜ್ಜನರೂ ಅದನ್ನೇ ಕಲಿತರು. ಆ ವರ್ಷ ನನ್ನ ಜಡೆ ಎಷ್ಟು ಜನರ ಆತ್ಮೋದ್ಧಾರ ಮಾಡಿತೋ ಲೆಕ್ಕವಿಲ್ಲ.

ಇಂಥ ದಿನಗಳಲ್ಲಿ ಶಾಲೆಗೆ ಶಿಕ್ಷಣ ಇಲಾಖೆಯಿಂದ ಒಂದು ಪತ್ರ ಬಂತು. ಮಾನ್ಯತೆ ಮುಂದುವರಿಸಬೇಕಾದರೆ ತಪಾಸಣೆಗೆ ಸಾಹೇಬರು ಬರುತ್ತಾರೆ, ನೀರು, ಶೌಚಾಲಯ, ಮೈದಾನ, ಗ್ರಂಥಾಲಯ ಎಲ್ಲವೂ ಇರಬೇಕು. ಮೊದಲ ಮೂರು ಇದ್ದವು. ಗ್ರಂಥಾಲಯವೆಂದರೆ ನಮ್ಮ ಕ್ಲಾಸಿನ ಮೂಲೆಯ ಬೀರು, ಅದರೊಳಗೆ ಹನ್ನೊಂದು ಪುಸ್ತಕ ಮತ್ತು ಒಂದು ಸತ್ತ ಜಿರಳೆ. ಅದರ ಉಸ್ತುವಾರಿ ದೊಡ್ಡಮ್ಮನದು. ಮಾನ್ಯತೆ ಹೋದರೆ ಶಾಲೆಗೆ ಬೀಗ.

ಮುಖ್ಯೋಪಾಧ್ಯಾಯಿನಿಯಾಗಿದ್ದ ದೊಡ್ಡ ಸಿಸ್ಟರ್ ಒಂದು ದಾರಿ ಕಂಡುಹಿಡಿದರು. ಗೋಡೆಯಾಚೆಯ ಹೈಸ್ಕೂಲಿನಿಂದ ಮುನ್ನೂರು ಪುಸ್ತಕ ಎರಡು ದಿನದ ಮಟ್ಟಿಗೆ ತರುವುದು. ಮೊದಲ ಪುಟದಲ್ಲಿ ಆ ಶಾಲೆಯ ಸೀಲು ಇತ್ತು, ಅದರ ಮೇಲೆ ಬಿಳಿ ಚೀಟಿ ಅಂಟಿಸುವುದು. ತಪಾಸಣೆಯ ಹಿಂದಿನ ದಿನ ನಾವು ಇರುವೆ ಸಾಲಿನಂತೆ ಪುಸ್ತಕ ಹೊತ್ತು ತಂದೆವು. ನನ್ನ ಅಕ್ಷರ ಸೊಟ್ಟಗಿದ್ದರೂ ಕೈ ಚುರುಕು ಎಂದು ಗೋಂದಿನ ಬಾಟಲಿ ನನಗೆ ಸಿಕ್ಕಿತು.

ಚೀಟಿ ಅಂಟಿಸುತ್ತಿದ್ದಾಗಲೇ ಸಿಸ್ಟರ್ ಮತ್ತು ದೊಡ್ಡಮ್ಮನ ಮಾತು ನನ್ನ ಕಿವಿಗೆ ಬಿತ್ತು.

“ಕದ್ದು ತಂದಿಲ್ವಲ್ಲ ಟೀಚರ್, ಕೇಳಿ ತಂದಿದ್ದೀವಿ,” ಎಂದರು ಸಿಸ್ಟರ್.

“ಕೇಳಿ ತಂದಿದ್ದಕ್ಕೆ ಸೀಲು ಯಾಕೆ ಮುಚ್ಚಬೇಕು ಸಿಸ್ಟರ್?”

“ಶಾಲೆ ಮುಚ್ಚಬಾರದು ಅಂತ. ಈ ಮಕ್ಕಳು ಎಲ್ಲಿಗೆ ಹೋಗ್ಬೇಕು ಹೇಳಿ. ಇನ್ನೊಂದು ಮಾತು, ನಾಳೆ ಒಂದಿನ ನಿಮ್ಮ ಮೂರೂಕಾಲು ಬೇಡ. ವಿಧೇಯತೆನೂ ಒಂದು ಸದ್ಗುಣ ಅಲ್ವಾ?”

ದೊಡ್ಡಮ್ಮ ಇನ್ನೊಂದು ಚೀಟಿ ಹರಿದು ನನ್ನ ಕೈಗೆ ಕೊಟ್ಟಳು. ಸಂಜೆ ಮನೆಯಲ್ಲಿ ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿದಳು. ಅವಳ ಮುಖ ನೋಡಿ ಅಪ್ಪ, ಅಮ್ಮ, ನಾನು ಮೂವರೂ ತೆಪ್ಪಗೆ ಕುಡಿದೆವು.

ಮಾರನೆಯ ದಿನ ಸಾಹೇಬರು ಬಂದಾಗ ಎರಡೂವರೆ. ಬೆವರು ಒರೆಸಿಕೊಳ್ಳುತ್ತ, ನಮ್ಮ ಕ್ಲಾಸಿನಲ್ಲಿದ್ದ ಒಂದೇ ಕುರ್ಚಿಯಲ್ಲಿ ಕುಳಿತರು. ಅದು ಟೀಚರ್ ಕುರ್ಚಿ. ಬೀರುವಿನಿಂದ ಕೈಗೆ ಸಿಕ್ಕ ಪುಸ್ತಕವೊಂದನ್ನು ತೆಗೆದು ತಿರುವಿದರು.

“ಇದು ಉಗಿ ಎಂಜಿನ್ ರಿಪೇರಿ ಬಗ್ಗೆ ಇದೆ. ಮೂರನೇ ಕ್ಲಾಸಿನ ಮಕ್ಕಳು ಓದ್ತಾರಾ?”

“ಆಸಕ್ತಿ ಇರೋರು ಓದ್ತಾರೆ ಸರ್,” ಎಂದರು ಬಾಗಿಲಲ್ಲಿ ನಿಂತಿದ್ದ ಸಿಸ್ಟರ್.

ಸಾಹೇಬರು ದೊಡ್ಡಮ್ಮನ ಕಡೆ ತಿರುಗಿದರು. “ಇವೆಲ್ಲ ನಿಮ್ಮ ಶಾಲೆದೇ ತಾನೇ?”

“ಹೌದು ಸರ್,” ಎಂದಳು ದೊಡ್ಡಮ್ಮ. ಅವಳ ಕಿವಿ ಕೆಂಪಗಾಯಿತು.

ಸಾಹೇಬರು ಫೈಲು ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದರು. ಅಷ್ಟರಲ್ಲಿ ಮೂರೂಕಾಲರ ಗಂಟೆ ಹೊಡೆಯಿತು. ಇವತ್ತು ಬೇಡವೆಂದು ಆಯಾಗೆ ಎರಡು ಸಲ ಹೇಳಿದ್ದರು, ಅವಳೂ ಎರಡು ಸಲ ತಲೆಯಾಡಿಸಿದ್ದಳು. ಆದರೆ ಇಪ್ಪತ್ತೆರಡು ವರ್ಷದ ಕೈ ತಲೆಯ ಮಾತು ಕೇಳುತ್ತದೆಯೇ? ನಾವು ಮೂವತ್ತನಾಲ್ಕು ಮಂದಿಯೂ ದಡಬಡನೆ ಎದ್ದು ನಿಂತೆವು.

“ಇವತ್ತು ಬೇಡ, ಕೂತ್ಕೊಳ್ಳಿ,” ಎಂದಳು ದೊಡ್ಡಮ್ಮ.

ಯಾರೂ ಕೂರಲಿಲ್ಲ. ತಪ್ಪು ಹೇಳದೆ ಕೂರುವಂತಿಲ್ಲ ಎಂದು ಕಲಿಸಿದವಳು ಅವಳೇ ಅಲ್ಲವೇ?

“ಏನಿದು?” ಎಂದು ಸಾಹೇಬರು ಕೇಳಿದರು. ಡಾಕ್ಟರ ಮಗ ನಿಯಮಗಳನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದ. ಸಾಹೇಬರಿಗೆ ಮೋಜೆನಿಸಿತು. “ನಡೀಲಿ ನಡೀಲಿ, ನಾನೂ ನೋಡ್ತೀನಿ.” ಬಾಗಿಲಲ್ಲಿದ್ದ ಸಿಸ್ಟರ್ ಜಪಸರ ಹಿಡಿದುಕೊಂಡರು.

ಮೊದಲ ಬೆಂಚಿನಿಂದ ಶುರುವಾಯಿತು. ಒಬ್ಬ ಪಕ್ಕದವಳ ರಬ್ಬರು ಕಚ್ಚಿದ್ದ. ಒಬ್ಬಳು ಹೊಟ್ಟೆನೋವೆಂದು ಹೇಳಿ ಆಟಕ್ಕೆ ಹೋಗಿದ್ದಳು. ಡಾಕ್ಟರ ಮಗ ಎಂದಿನಂತೆ ನನ್ನ ಜಡೆ ಎಳೆದಿದ್ದ. ಎಲ್ಲರಿಗೂ ಕ್ಷಮೆ ಸಿಕ್ಕಿತು, ಎಲ್ಲರೂ ಕೂತರು. ಸಾಹೇಬರು ಹೊಟ್ಟೆ ಕುಲುಕಿಸಿ ನಗುತ್ತಿದ್ದರು.

ಎಲ್ಲರದೂ ಮುಗಿದು ಕೊನೆಗೆ ನನ್ನ ಸರದಿ ಬಂತು. ಸಣ್ಣಪುಟ್ಟ ತಪ್ಪುಗಳು ನನ್ನಲ್ಲಿ ಬೇಕಾದಷ್ಟಿದ್ದವು. ಆದರೆ ದೊಡ್ಡದನ್ನೇ ಹೇಳಬೇಕು. ಹೇಳಿದರೆ ಶಾಲೆ ಹೋಗುತ್ತದೆ, ಹೇಳದಿದ್ದರೆ ಮೂರೂಕಾಲೇ ಸುಳ್ಳಾಗುತ್ತದೆ. ಎರಡೂ ನನ್ನ ತಲೆಯ ಮೇಲೇ ಬಂದು ಕೂತವು. ನನಗೆ ಆಗ ಎಂಟು ವರ್ಷ.

“ನಾನು ನಿನ್ನೆ ಗೋಂದು...” ಎಂದೆ. ಮುಂದಕ್ಕೆ ಅಳುವೇ ಬಂತು.

ದೊಡ್ಡಮ್ಮ ಬೋರ್ಡಿನ ಪಕ್ಕದಿಂದ ಬಂದು ನನ್ನ ಮುಂದೆ ನಿಂತಳು. “ನೀನು ಕೂತ್ಕೋ. ಅದು ನಿಂದಲ್ಲ, ನಂದು.”

ಆಮೇಲೆ ಸಾಹೇಬರ ಕಡೆಗಲ್ಲ, ನಮ್ಮ ಕಡೆಗೇ ತಿರುಗಿ ಹೇಳಿದಳು. “ಈ ಪುಸ್ತಕ ನಮ್ಮವಲ್ಲ. ಗೋಡೆಯಾಚೆ ಹೈಸ್ಕೂಲಿಂದು. ಸೀಲಿನ ಮೇಲೆ ಚೀಟಿ ಅಂಟಿಸಿ ಅಂತ ನಿಮ್ಮ ಕೈಗೆ ಕೊಟ್ಟೋಳು ನಾನು. ಸಾಹೇಬ್ರು ಕೇಳಿದಾಗ ನಮ್ಮದೇ ಅಂದೆ. ಅದು ಸುಳ್ಳು.”

ಟೀಚರನ್ನು ಕ್ಷಮಿಸಬಹುದೋ ಬಾರದೋ ನಮಗೆ ಗೊತ್ತಿರಲಿಲ್ಲ. ಕೊನೆಗೆ ಡಾಕ್ಟರ ಮಗ ಮೆಲ್ಲಗೆ ನೆನಪಿಸಿದ. “ಟೀಚರ್, ಇನ್ನು ಮಾಡಲ್ಲ ಅಂತ ಹೇಳ್ಬೇಕು.”

“ಇನ್ನು ಮಾಡಲ್ಲ,” ಎಂದಳು ದೊಡ್ಡಮ್ಮ.

“ಕ್ಷಮಿಸಿದ್ದೀವಿ, ಕೂತ್ಕೊಳ್ಳಿ ಟೀಚರ್,” ಎಂದೆವು ಮೂವತ್ತನಾಲ್ಕು ಮಂದಿ.

ಕೂರುವುದೆಲ್ಲಿ? ಅವಳು ಸುತ್ತ ನೋಡಿದಳು. ಇದ್ದ ಒಂದು ಕುರ್ಚಿಯಲ್ಲಿ ಸಾಹೇಬರಿದ್ದರು. ಅವರೀಗ ನಗುತ್ತಿರಲಿಲ್ಲ. ಮೆಲ್ಲಗೆ ಎದ್ದು, ಕುರ್ಚಿಯನ್ನು ಅವಳ ಕಡೆ ತಳ್ಳಿದರು. ಅವಳು ಕೂತಳು.

ಈಗ ನಿಂತಿದ್ದವರು ಸಾಹೇಬರು. ಇಡೀ ಕ್ಲಾಸು ಅವರನ್ನೇ ನೋಡತೊಡಗಿತು. ಅವರು ಕೆಮ್ಮಿದರು, ಗಡಿಯಾರ ನೋಡಿಕೊಂಡರು. ನಾವು ಬಿಡುವ ಜನವಲ್ಲ.

“ಹೋದ ಸಲ ನಾನು ಈ ಶಾಲೆಗೆ ಬಂದೇ ಇರ್ಲಿಲ್ಲ,” ಎಂದರು ಕಡೆಗೆ. “ಬಂದಿದ್ದೆ ಅಂತ ಆಫೀಸಲ್ಲೇ ಕೂತು ಬರೆದುಬಿಟ್ಟೆ. ಇನ್ನು ಮಾಡಲ್ಲ.”

“ಕ್ಷಮಿಸಿದ್ದೀವಿ, ಕೂತ್ಕೊಳ್ಳಿ ಸರ್.”

ಸಾಹೇಬರು ಕೊನೆಯ ಬೆಂಚಿಗೆ ಹೋಗಿ, ಮೊಣಕಾಲನ್ನು ಗಲ್ಲದವರೆಗೆ ಮಡಚಿಕೊಂಡು ಕೂತರು. ಉಳಿದವರು ಒಬ್ಬರೇ. ಸಿಸ್ಟರ್ ಹೊಸ್ತಿಲಾಚೆ ಒಂದು ಹೆಜ್ಜೆ ಹಿಂದೆ ಸರಿದಿದ್ದರು. ಕೋಣೆಯ ಹೊರಗಿದ್ದರೆ ನಿಯಮ ತಾಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತಿದ್ದ ದೊಡ್ಡಮ್ಮನನ್ನು ಒಂದು ಗಳಿಗೆ ನೋಡಿ, ಅವರಾಗಿಯೇ ಒಳಗೆ ಬಂದರು. “ಟೀಚರ್ ಕೈಲಿ ಸುಳ್ಳು ಹೇಳಿಸಿದ್ದು ನಾನು. ಇನ್ನು ಮಾಡಲ್ಲ,” ಎಂದವರು, ನಾವು ಹೇಳಿ ಮುಗಿಸುವ ಮೊದಲೇ ಸಾಹೇಬರ ಪಕ್ಕ ಕೂತುಬಿಟ್ಟರು. ಬೆಂಚು ಕಿರ್ರೆಂದಿತು.

ಕ್ಷಮೆ ಸಿಕ್ಕಿತೆಂದು ಸಾಹೇಬರು ವರದಿಯಲ್ಲಿ ಸಡಿಲ ಬಿಡಲಿಲ್ಲ. ಗ್ರಂಥಾಲಯ ಇಲ್ಲ, ಮೂರು ತಿಂಗಳಲ್ಲಿ ಆಗದಿದ್ದರೆ ಮಾನ್ಯತೆ ಇಲ್ಲ ಎಂದೇ ಬರೆದರು. ದೊಡ್ಡಮ್ಮ ಮನೆಮನೆಯ ಬಾಗಿಲು ತಟ್ಟಿ ಪುಸ್ತಕ ಕೂಡಿಸಿದಳು. ಜೇನು ಸಾಕಣೆಯ ಬಗ್ಗೆಯೇ ಆರು ಪುಸ್ತಕ ಬಂದವು, ಏಕೆಂದು ಇವತ್ತಿಗೂ ತಿಳಿದಿಲ್ಲ. ಸಾಹೇಬರು ಹೇಳಿದ ದಿನ ತಾವೇ ಬಂದು, ಒಂದೊಂದನ್ನೂ ಬಿಚ್ಚಿ ಸೀಲು ನೋಡಿ ಸಹಿ ಹಾಕಿದರು. ಶಾಲೆ ಉಳಿಯಿತು.

ಆದರೆ ನನ್ನ ನೆನಪಿನಲ್ಲಿ ಉಳಿದದ್ದು ತಪಾಸಣೆಯ ದಿನದ ಸಂಜೆ. ಶಾಲೆ ಉಳಿಯುತ್ತದೋ ಇಲ್ಲವೋ ಆಗಿನ್ನೂ ಗೊತ್ತಿರಲಿಲ್ಲ. ಗೇಟು ದಾಟಿದ ಮೇಲೆ ದೊಡ್ಡಮ್ಮ ನನ್ನನ್ನು ನಿಲ್ಲಿಸಿ, ಡಾಕ್ಟರ ಮಗ ಕೆಡಿಸಿದ್ದ ಜಡೆಯನ್ನು ಬಿಚ್ಚಿ ಮತ್ತೆ ಹೆಣೆಯತೊಡಗಿದಳು.

“ಬೇಜಾರಾಯ್ತಾ ದೊಡ್ಡಮ್ಮ?” ಎಂದೆ.

“ಇಲ್ಲ ಕಣೇ,” ಎಂದಳು. ಅವಳ ಬೆರಳು ಜಡೆಯಲ್ಲೇ ನಿಂತವು. “ಕೂತ್ಕೊಳ್ಳಿ ಟೀಚರ್ ಅಂದ್ರಲ್ಲ ನೀವೆಲ್ಲ, ಆಗ ಗೊತ್ತಾಯ್ತು ನೋಡು. ಇಪ್ಪತ್ತೆರಡು ವರ್ಷದಿಂದ ಆ ಕ್ಲಾಸಲ್ಲಿ ನಾನೊಬ್ಬಳೇ ನಿಂತಿದ್ದೆ.”