ಬಾಗ್‌ಡೋಗ್ರಾ ವಿಮಾನ ಇಳಿದ ಹೊತ್ತು

ಇಂಥದ್ದನ್ನು ಯಾರಾದರೂ ಹೇಳಿದರೆ ಮೊದಲೆಲ್ಲ ನಾನು ನಗುತ್ತಿದ್ದೆ. ಹೊಸನಗರದಲ್ಲಿ ಹೈಸ್ಕೂಲು ಮಕ್ಕಳಿಗೆ ಭೂಗೋಳ ಕಲಿಸುತ್ತಿದ್ದವನು ನಾನು. ಅಳೆದು ನೋಡಲಾಗದ್ದನ್ನು ನಂಬುವ ಅಭ್ಯಾಸವಿರಲಿಲ್ಲ. ಈಗ ನೀವು ನಕ್ಕರೂ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ನನ್ನ ತಂಗಿ ಸರಳಾಳ ಗಂಡನಿಗೆ ಬಂಗಾಳದ ಉತ್ತರ ತುದಿಯ ಟೀ ತೋಟವೊಂದರಲ್ಲಿ ಕೆಲಸ. ಮಗನಿಗೆ ಎಂಟು ತಿಂಗಳು ತುಂಬಿದರೂ ಅಮ್ಮ ಮೊಮ್ಮಗನ ಮುಖ ನೋಡಿರಲಿಲ್ಲ. ಕೊನೆಗೂ ಮೂವರೂ ಬರುತ್ತೇವೆಂದು ಕಾಗದ ಬಂತು. ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಬಾಗ್‌ಡೋಗ್ರಾದಿಂದ ಕಲ್ಕತ್ತೆಗೆ ವಿಮಾನ, ಅಲ್ಲಿಂದ ರೈಲು. ನಮ್ಮ ಮನೆಯಲ್ಲಿ ವಿಮಾನ ಹತ್ತಿದವರು ಅದುವರೆಗೆ ಯಾರೂ ಇರಲಿಲ್ಲ.

ಆ ಭಾನುವಾರ ಬೆಳಗಿನಿಂದ ಅಮ್ಮನದು ಒಂದೇ ಪ್ರಶ್ನೆ.

"ಎಷ್ಟ್ ದೂರನೋ? ಎಷ್ಟ್ ಹೊತ್ತು ಮೇಲೇ ಇರ್ಬೇಕು?"

ಶಾಲೆಯ ನಕ್ಷೆ ನೆಲಕ್ಕೆ ಹಾಸಿ, ದಾರ ಹಿಡಿದು ಅಳೆದೆ. "ನಾನೂರೈವತ್ತು ಕಿಲೋಮೀಟ್ರು ಇರ್ಬಹುದು. ಒಂದೂಕಾಲಿಗೆ ಇಳಿತಾರೆ."

"ಬೆಂಗ್ಳೂರು ಅಷ್ಟು ದೂರ ಇಲ್ಲ, ನಮಗೆ ಇಡೀ ದಿನ ಬೇಕು," ಎಂದಳು ಅಮ್ಮ, ನಂಬದೆ.

ಹನ್ನೆರಡು ದಾಟಿತು. ಅಮ್ಮ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು, ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಇದ್ದಕ್ಕಿದ್ದಂತೆ ನನ್ನ ಎರಡೂ ಕಿವಿ ಕಟ್ಟಿದವು. ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿಯುವಾಗ ಬಸ್ಸಿನಲ್ಲಿ ಕಟ್ಟುತ್ತವಲ್ಲ, ಹಾಗೆ. ಬೀದಿಯ ಸದ್ದೆಲ್ಲ ದೂರವಾಯಿತು. ತಲೆಯೆತ್ತಿದರೆ ಅಮ್ಮ ಎರಡೂ ಕೈಯಿಂದ ಕಿವಿ ಒತ್ತಿ ಹಿಡಿದಿದ್ದಳು. ನಾನಿನ್ನೂ ಏನೂ ಹೇಳಿರಲಿಲ್ಲ.

"ನಿಂಗೂ ಕಿವಿ ಕಟ್ತಾ?" ಎಂದು ಅವಳೇ ಕೇಳಿದಳು.

ಸ್ವಲ್ಪ ಹೊತ್ತಿಗೆ ಕಿವಿ ಬಿಟ್ಟಿತು. ಅಮ್ಮ ಉಸಿರುಬಿಟ್ಟು, "ಇಳಿದ್ರು ಕಣೋ," ಎಂದಳು.

ಗಡಿಯಾರ ನೋಡಿದೆ. ಹನ್ನೆರಡೂ ಇಪ್ಪತ್ತೈದು. "ಅರ್ಧ ದಾರೀನೂ ಆಗಿಲ್ಲಮ್ಮ!"

"ನಿನ್ನ ನಕ್ಷೆ ನಂಗೊತ್ತಿಲ್ಲ. ಇಳಿದ್ರು."

ಮರುದಿನ ಟೆಲಿಗ್ರಾಂ ಬಂತು: ಕ್ಷೇಮ, ಪೂರ್ತಿ ರೈಲಿನಲ್ಲೇ ಬರುತ್ತೇವೆ, ತಡವಾಗುತ್ತದೆ. ಕಾರಣವಿರಲಿಲ್ಲ. ವಾರದ ಕೊನೆಗೆ ಅಮ್ಮನೂ ನಾನೂ ಸಾಗರದ ಸ್ಟೇಷನ್ನಿಗೆ ಹೋದೆವು. ಅಲ್ಲೇ ಬೆಂಚಿನ ಮೇಲೆ ಕೂತು ತಂಗಿ ಹೇಳಿದಳು.

"ಮೇಲೆ ಹೋಗಿ ಹದಿನೈದು ನಿಮಿಷ ಆಗಿರ್ಲಿಲ್ಲ, ರೆಕ್ಕೆ ಹತ್ರ ಹೊಗೆ ಬಂತು. ತಿರುಗಿಸ್ಕೊಂಡು ಬಂದು ಅಲ್ಲೇ ಇಳಿಸಿದ್ರು. ಇಳಿಯೋವಾಗ ಇವ್ನು ಕಿವಿ ಹಿಡ್ಕೊಂಡು ಅತ್ತಿದ್ದೇ ಅತ್ತಿದ್ದು."

"ಆಗ ಎಷ್ಟು ಗಂಟೆ?" ಎಂದು ಕೇಳಿದೆ.

"ಹನ್ನೆರಡೂ ಇಪ್ಪತ್ತೈದು," ಎಂದ ಅವಳ ಗಂಡ. "ನೆಲ ಮುಟ್ಟಿದ್ದೇ ವಾಚ್ ನೋಡ್ದೆ."

ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳು ಕೇಳಿದ್ದು ಒಂದೇ.

"ಇಳಿಸಿದೋನ ಹೆಸರೇನೇ?"

"ಆ ಗಡಿಬಿಡೀಲಿ ಯಾರು ಕೇಳ್ತಾರಮ್ಮ?"

"ಕೇಳ್ಬೇಕಿತ್ತು. ಈ ಮಗೂನ ನಂಗೆ ತಂದ್ಕೊಟ್ಟೋನು."

ಎಷ್ಟೋ ವರ್ಷದ ನಂತರ ಶಿವಮೊಗ್ಗದಲ್ಲಿ ಕಿವಿ ಡಾಕ್ಟರೊಬ್ಬರಿಗೆ ಇದನ್ನು ಹೇಳಿದೆ. ನೆಗಡಿಯಿದ್ದಿರಬೇಕು ಎಂದು ನಕ್ಕರು. ಇಬ್ಬರಿಗೂ ನೆಗಡಿಯಿರಲಿಲ್ಲ. ಬೇರೆ ಕಾರಣ ನನಗೂ ಹೊಳೆದಿಲ್ಲ, ಇಂದಿಗೂ.

ಅಮ್ಮ ಬದುಕಿದ್ದಷ್ಟು ದಿನ, ಸಂಜೆ ದೇವರಿಗೆ ಕೈಮುಗಿಯುವಾಗ ಮನೆಯವರ ಹೆಸರನ್ನೆಲ್ಲ ಹೇಳಿ, ಕೊನೆಗೆ "ಆ ವಿಮಾನದೋನು" ಎಂದು ಸೇರಿಸುತ್ತಿದ್ದಳು. ಅವಳು ಹೋದ ಮೇಲೆ ಅದನ್ನು ನಾನು ಹೇಳುತ್ತಿದ್ದೇನೆ.